ಮೆಚ್ಚುಗೆಗೂ ಹೊತ್ತುಂಟು

ಚನ್ನಪಟ್ಟಣದ ಗೆಳೆಯರೊಬ್ಬರು ತಮ್ಮ ಸಣ್ಣಕತೆಯೊಂದನ್ನು ಓದಲು ಕೊಟ್ಟಿದ್ದರು. ಬೊಂಬೆ ಮಾಡುವವರ ಮನೆಯ ಅತ್ತೆ-ಸೊಸೆಯರ ಕತೆ. ಓದಿ ಮೆಚ್ಚಿದೆ, ಹೇಳುವುದು ಮಾತ್ರ ದಿನದಿನಕ್ಕೆ ಮುಂದೆ ಹೋಯಿತು.

ಆಗ ನೆನಪಾದವರು ಕೊಡಗಿನ ಗೌರಮ್ಮ. 1912ರಲ್ಲಿ ಹುಟ್ಟಿದ ಅವರು ಮನೆವಾರ್ತೆಯ ನಡುವೆಯೇ ಹೆಣ್ಣುಮಕ್ಕಳ ಸಂಕಟಗಳನ್ನು ಕತೆಯಾಗಿಸಿದರು. 1939ರಲ್ಲಿ ನೀರುಪಾಲಾದಾಗ ವಯಸ್ಸು ಕೇವಲ 27. 'ಕಂಬನಿ' ಸಂಕಲನ ಅಚ್ಚಾಗಿ ಬಂದದ್ದು ಆಮೇಲೆ. ಬೇಂದ್ರೆಯವರು 'ತಂಗಿ ಗೌರಮ್ಮ' ಎಂದು ಕವಿತೆ ಬರೆದರು. ಓದಲು ತಂಗಿ ಇರಲಿಲ್ಲ.

ಮರುದಿನವೇ ಗೆಳೆಯರ ಮನೆಗೆ ಹೋದೆ. "ಸೊಸೆ ಮಾಡಿದ ಗಂಟುಮುದ್ದೆಯನ್ನು ಅತ್ತೆ ಸದ್ದಿಲ್ಲದೆ ತನ್ನ ತಟ್ಟೆಗೇ ಹಾಕಿಕೊಳ್ಳುತ್ತಾಳಲ್ಲ, ಕತೆ ಅಲ್ಲೇ ಗೆದ್ದಿದೆ. ಕೊನೆಯ ಉಪದೇಶ ಬಿಡಿ. ಇನ್ನೊಂದು ಬರೆಯಿರಿ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಅತ್ತೆ ನಮ್ಮಮ್ಮ ಕಣ್ರೀ" ಎಂದರು.