ವಿಮೆ ಇಲ್ಲದ ವಾಹನ ಚಾಲನೆಗೆ ದಂಡನೆ (ಭಾರತ)

ಮೋಟಾರು ವಾಹನ ಕಾಯ್ದೆ, 1988ರ 146ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ವಾಹನಕ್ಕೆ ಮೂರನೇ ವ್ಯಕ್ತಿಯ ವಿಮೆ, ಅಂದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಕಡ್ಡಾಯ. ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಕೆಲವು ವಾಹನಗಳಿಗೆ ವಿನಾಯಿತಿ ಉಂಟು. ಉಲ್ಲಂಘನೆಗೆ ಶಿಕ್ಷೆ 196ನೇ ಕಲಮಿನಲ್ಲಿದೆ: ಮೊದಲ ಸಲ ಮೂರು ತಿಂಗಳವರೆಗಿನ ಸೆರೆವಾಸ, ಅಥವಾ 2,000 ರೂಪಾಯಿ ದಂಡ, ಅಥವಾ ಎರಡೂ; ಮರುಕಳಿಸಿದರೆ ದಂಡ 4,000 ರೂಪಾಯಿ. 2019ರ ತಿದ್ದುಪಡಿಗೆ ಮೊದಲು ದಂಡದ ಮಿತಿ 1,000 ರೂಪಾಯಿ ಇತ್ತು. ಓಡಿಸಿದವರಷ್ಟೇ ಅಲ್ಲ, ಓಡಿಸಲು ಬಿಟ್ಟ ಮಾಲೀಕರೂ ತಪ್ಪಿತಸ್ಥರು. ಗಾಡಿಯನ್ನು ನಂಟರಿಗೋ ಗೆಳೆಯರಿಗೋ ಕೊಡುವಾಗ ಹಲವರು ಇದನ್ನು ಮರೆಯುತ್ತಾರೆ.

ನಿಜವಾದ ಹೊರೆ ಈ ದಂಡವಲ್ಲ. ಅಪಘಾತದಲ್ಲಿ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಗೊತ್ತುಪಡಿಸುವ ಪರಿಹಾರ ಲಕ್ಷಗಟ್ಟಲೆ ಆಗಬಹುದು. ವಿಮೆ ಇಲ್ಲದಿದ್ದರೆ ಅದನ್ನು ಮಾಲೀಕರೇ ಕೈಯಿಂದ ಕಟ್ಟಬೇಕು. ಅವರಿಗೆ ಶಕ್ತಿ ಇಲ್ಲದಿದ್ದರೆ ಆದೇಶ ಕಾಗದದಲ್ಲೇ ಉಳಿದು, ದುಡಿಯುವ ಕೈ ಕಳೆದುಕೊಂಡ ಕುಟುಂಬ ಬರಿಗೈಯಲ್ಲಿ ನಿಲ್ಲುತ್ತದೆ. ಇದನ್ನು ತಡೆಯಲೆಂದೇ, ವಿಮೆ ಇಲ್ಲದೆ ಅಪಘಾತಕ್ಕೊಳಗಾದ ವಾಹನವನ್ನು ತಕ್ಕ ಭದ್ರತೆ ಪಡೆಯದೆ ಬಿಡುಗಡೆ ಮಾಡಬಾರದು, ಭದ್ರತೆ ಒದಗಿಸದಿದ್ದರೆ ವಾಹನವನ್ನು ಹರಾಜು ಹಾಕಿ ಬಂದ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ನಿಯಮ ರೂಪಿಸುವಂತೆ ಸುಪ್ರೀಂ ಕೋರ್ಟ್ 2018ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಖರೀದಿಯ ಹೊತ್ತಿನಲ್ಲೇ ಮಾಡಿಸಬೇಕಾಗಿದೆ.