ವಿಲೋಮಕ್ರಿಯೆಯೂ ಸಂಖ್ಯಾಜಾತಿಯೂ

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು 1912ರಲ್ಲಿ ಎಂ. ರಂಗಾಚಾರ್ಯರ ಆಂಗ್ಲಾನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. ಅದರಲ್ಲಿನ ಒಂದು ಮಾತು ಗಣಕಯಂತ್ರಗಳ ಈ ಯುಗದಲ್ಲಿ ಮನನೀಯವಾಗಿದೆ. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಆಚಾರ್ಯನು ಹೇಳುತ್ತಾನೆ. ವರ್ಗ ಮಾಡುವುದು ಅನುಲೋಮ, ಮೂಲ ತೆಗೆಯುವುದು ವಿಲೋಮ. ಹೋಗುವಾಗ ಯಾವ ಅಡ್ಡಿಯೂ ಇಲ್ಲ. ಹಿಂದಿರುಗುವಾಗ ಕೈಯಲ್ಲಿರುವ ಸಂಖ್ಯೆಗಳ ಜಾತಿಯೇ ಸಾಲದೆ ಹೋಗುತ್ತದೆ. (ಜಾತಿಯೆಂಬ ಶಬ್ದ ನಮ್ಮ ಕಲ್ಪನೆಯಲ್ಲ, ಭಿನ್ನರಾಶಿಗಳ ಪ್ರಭೇದಗಳನ್ನು ಆತನೇ ಭಾಗಜಾತಿ, ಪ್ರಭಾಗಜಾತಿ ಎಂದು ಕರೆದಿದ್ದಾನೆ.)

ಕಾಗದದ ಮೇಲೆ ಲೆಕ್ಕಮಾಡುವವನು ಪೂರ್ಣಾಂಕದಿಂದ ದಶಮಾಂಶಕ್ಕೆ ತಾನರಿಯದೆಯೇ ದಾಟುತ್ತಾನೆ. ಯಂತ್ರಕ್ಕೆ ಆ ಸ್ವಾತಂತ್ರ್ಯ ಸಾಮಾನ್ಯವಾಗಿ ಇಲ್ಲ. ಉತ್ತರ ಹುಟ್ಟುವ ಮೊದಲೇ ಅದನ್ನಿರಿಸುವ ಮನೆ ಯಾವ ಜಾತಿಯದೆಂದು ಗೊತ್ತುಮಾಡಬೇಕು. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ 704 ಯಂತ್ರಕ್ಕಾಗಿ ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ ಚರದ ಹೆಸರಿನ ಮೊದಲಕ್ಷರವೇ ಇದನ್ನು ನಿರ್ಣಯಿಸುತ್ತಿತ್ತು. ‘ಐ’ಯಿಂದ ‘ಎನ್’ವರೆಗಿನ ಅಕ್ಷರವಾದರೆ ಪೂರ್ಣಾಂಕ, ಉಳಿದುವು ದಶಮಾಂಶ. 1966ರ ಪ್ರಮಾಣಭಾಷೆಯಲ್ಲಿ ಲಾಗರಿದಮ್ಮನ್ನು ‘ಲಾಗ್’ ಎನ್ನದೆ, ಮುಂದೊಂದು ‘ಎ’ ಅಕ್ಷರವನ್ನು ಹಚ್ಚಿ ಕರೆಯುತ್ತಿದ್ದರು. ‘ಎಲ್’ನಿಂದ ಮೊದಲಾದ ಹೆಸರು ಪೂರ್ಣಾಂಕದ್ದಾಗಿಬಿಡುತ್ತಿತ್ತಲ್ಲವೆ! ಫೋರ್ಟ್ರಾನ್ 77 ಈ ತೊಡಕನ್ನು ನೀಗಿತು.

ತೊಡಕಿನ ಮೂಲ ಮಾತ್ರ ಉಳಿದುಕೊಂಡಿತು. ಧನವಾಗಿಯೇ ಇರಬೇಕಾದ ರಾಶಿಯನ್ನು ಸಂಖ್ಯಾಶಾಸ್ತ್ರಜ್ಞರು ನೇರವಾಗಿ ಹುಡುಕುವುದಕ್ಕೆ ಬದಲು, ಎಲ್ಲೆಯಿಲ್ಲದ ಮತ್ತೊಂದು ಚರವನ್ನು ಹುಡುಕಿ, ಅದನ್ನು ‘ಇ’ ಸಂಖ್ಯೆಯ ಘಾತವಾಗಿಸಿ ಧನರಾಶಿಯನ್ನು ಪಡೆಯುವುದುಂಟು. 2012ರಲ್ಲಿ ಹೊರಬಂದ ‘ಸ್ಟ್ಯಾನ್’ ಈ ಕ್ರಮವನ್ನೇ ಅನುಸರಿಸುತ್ತದೆ. ಆರಂಭದ ಬೆಲೆಯನ್ನು ಬಳಕೆದಾರನು ಧನರಾಶಿಯಾಗಿ ಕೊಟ್ಟರೆ, ಪರಿವರ್ತನೆಯನ್ನು ವಿಲೋಮಗೊಳಿಸಿ ಅದರ ಲಾಗರಿದಮ್ ತೆಗೆಯಬೇಕಾಗುತ್ತದೆ. ಅವನು 1, 2, 3 ಎಂದು ಪೂರ್ಣಾಂಕಗಳನ್ನೇ ಬರೆದನೆನ್ನೋಣ. ಲಾಗರಿದಮ್ಮುಗಳು 0, 0.693, 1.099. ಕ್ರಮವಿಧಿಯನ್ನು ಬರೆದವನು ಬಂದ ರಾಶಿಯ ಜಾತಿಯನ್ನೇ ನೋಡಿ ಪೂರ್ಣಾಂಕದ ಮನೆಗಳನ್ನು ಕಟ್ಟಿದ್ದರೆ, ಫೋರ್ಟ್ರಾನ್, ಸಿ ಮೊದಲಾದ ಭಾಷೆಗಳಲ್ಲಿ ದಶಮಾಂಶ ಕತ್ತರಿಸಿಹೋಗಿ 0, 0, 1 ಉಳಿಯುತ್ತವೆ. ಅಲ್ಲಿಂದ ಹಿಂದಿರುಗಿದರೆ ದೊರೆಯುವುದು 1, 1, 2.718. ಎರಡೆಂಬುದು ಒಂದಾಯಿತು, ಯಂತ್ರ ತುಟಿಪಿಟಕ್ಕೆನ್ನಲಿಲ್ಲ. 2012ರಲ್ಲೇ ಪ್ರಕಟವಾದ ಜೂಲಿಯಾ ಭಾಷೆ ಇಂಥಲ್ಲಿ ದೋಷವನ್ನು ಸಾರಿ ನಿಂತುಬಿಡುತ್ತದೆ. ನಿಲ್ಲುವುದೇ ಮೇಲು.

ಎಲ್ಲ ಮನೆಗಳನ್ನೂ 64 ಬಿಟ್ಟಿನ ದಶಮಾಂಶಕ್ಕೆಂದೇ ಕಟ್ಟಬಾರದೇಕೆಂದು ಕೇಳಬಹುದು. 32 ಬಿಟ್ಟಿನಲ್ಲಿ ಲೆಕ್ಕಮಾಡುವವನಿಗೆ ಅದು ಎರಡರಷ್ಟು ಸ್ಥಳದ ವೆಚ್ಚ. ಅದು ಸಣ್ಣ ಮಾತು. 1964ರಲ್ಲಿ ವೆಂಗರ್ಟ್ ಪ್ರಕಟಿಸಿದ ವಿಧಾನದಲ್ಲಿ ಪ್ರತಿಯೊಂದು ಬೆಲೆಯ ಜೊತೆಗೆ ಅದರ ಅವಕಲನವೂ ಸಾಗುತ್ತದೆ. ಅಂಥ ಜೋಡಿಸಂಖ್ಯೆ ಒಂಟಿ ದಶಮಾಂಶದ ಮನೆಯಲ್ಲಿ ಹಿಡಿಸುವುದೇ ಇಲ್ಲ. ಆದ್ದರಿಂದ ವಿವೇಕಿಯಾದ ಕ್ರಮವಿಧಿಯು, ಪ್ರತಿಯೊಂದು ಅಂಗದ ಲಾಗರಿದಮ್ ಯಾವ ಜಾತಿಗೆ ಸೇರೀತೆಂದು ಮೊದಲು ವಿಚಾರಿಸಿ, ಅವೆಲ್ಲವನ್ನೂ ಒಳಗೊಳ್ಳುವ ಜಾತಿಯನ್ನು ಆರಿಸಿ, ಅನಂತರವೇ ಮನೆ ಕಟ್ಟುತ್ತದೆ. ಬಂದ ಸಾಲು ಬರಿದಾಗಿದ್ದರೆ ವಿಚಾರಿಸಲು ಒಂದು ಅಂಗವೂ ಇರದು. ಆಗ ಸಾಲಿನ ಘೋಷಿತ ಜಾತಿಯೇ ಗತಿ.

ಈ ವಿಚಾರಣೆಯಲ್ಲಿ ಉತ್ತರದ ಜಾತಿ ಕೊಟ್ಟುದರ ಜಾತಿಯನ್ನು ಅವಲಂಬಿಸಬೇಕೇ ಹೊರತು ಬೆಲೆಯನ್ನಲ್ಲ. ಬೊಂಬೆಲ್ಲಿಯು 1572ರಲ್ಲೇ ಋಣಸಂಖ್ಯೆಯ ಮೂಲಗಳಿಗೆ ನಿಯಮಗಳನ್ನು ಕೊಟ್ಟಿದ್ದರೂ, ಜೂಲಿಯಾದಲ್ಲಿ ವಾಸ್ತವಸಂಖ್ಯೆಯಾಗಿ −1ನ್ನು ಕೊಟ್ಟು ವರ್ಗಮೂಲ ಕೇಳಿದರೆ ನಿರಾಕರಣೆಯೇ ಉತ್ತರ. ಅದನ್ನೇ ಸಮ್ಮಿಶ್ರಸಂಖ್ಯೆಯೆಂದು ಘೋಷಿಸಿ ಕೊಟ್ಟರೆ ಮೂಲ ದೊರೆಯುತ್ತದೆ. ವಾಸ್ತವಸಂಖ್ಯೆಗಳ ಮಟ್ಟಿಗೆ ಯಂತ್ರವು ಇಂದಿಗೂ ಮಹಾವೀರಾಚಾರ್ಯನ ಪಕ್ಷವನ್ನೇ ಹಿಡಿದಿದೆ.