ನೆರೆಯಿದ್ದರೆ ಕಲಿಕೆಯಾದೀತೆ? ಸಣ್ಣ ಉದ್ಯಮಗಳ ಜ್ಞಾನಜಾಲ: ಒಂದು ಮರುಪರಿಶೀಲನೆ

ಒಂದೇ ಕಸುಬಿನವರು ಒಂದೆಡೆ ನೆಲೆಸಿದರೆ ಅದರ ಅರಿವು ಅಲ್ಲಿನ ಎಲ್ಲರಿಗೂ ಸಹಜವಾಗಿ ಹಬ್ಬುತ್ತದೆ ಎಂಬುದು ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಮಂಡಿಸಿದ ವಿಚಾರ. ಒಂದೇ ಬಗೆಯ ಉದ್ಯಮಗಳನ್ನು ಒಂದೆಡೆ ಬೆಳೆಸುವ ಇಂದಿನ ಕ್ಲಸ್ಟರ್ ಯೋಜನೆಗಳಿಗೂ ಇದೇ ಬುನಾದಿ. ಯಂತ್ರ ಕೊಂಡ ಮಾತ್ರಕ್ಕೆ ತಾಂತ್ರಿಕ ಸಾಮರ್ಥ್ಯ ಬರುವುದಿಲ್ಲವೆಂಬುದು ಸಂಜಯ ಲಾಲ್ (1992) ಅವರ ಬಳಿಕ ಬಹುಮಟ್ಟಿಗೆ ಒಪ್ಪಿತ. ಹೊರಗಿನ ಅರಿವನ್ನು ದಕ್ಕಿಸಿಕೊಳ್ಳಲು ಒಳಗೆ ಮೊದಲೇ ಒಂದಿಷ್ಟು ಅರಿವಿರಬೇಕೆಂದು ಕೊಹೆನ್ ಮತ್ತು ಲೆವಿಂತಾಲ್ (1990) ವಾದಿಸಿದ್ದಾರೆ. ತಕರಾರಿರುವುದು ಒಂದೇ ಅಂಶದಲ್ಲಿ: ನೆರೆಯ ಅರಿವು ಎಲ್ಲರಿಗೂ ಸಮನಾಗಿ ಎಟುಕುತ್ತದೆಯೇ?

ಚಿಲಿಯ ಕೊಲ್ಚಾಗ್ವಾ ಕಣಿವೆಯ ವೈನ್ ಉದ್ಯಮಗಳನ್ನು ಅಧ್ಯಯನ ಮಾಡಿದ ಎಲಿಸಾ ಜೂಲಿಯಾನಿ ಮತ್ತು ಮಾರ್ಟಿನ್ ಬೆಲ್ (2005), ತಾಂತ್ರಿಕ ತೊಡಕು ಬಂದಾಗ ಯಾರು ಯಾರ ಸಲಹೆ ಕೇಳುತ್ತಾರೆಂದು ತಜ್ಞರನ್ನೇ ವಿಚಾರಿಸಿದರು. ಸಲಹೆ ಓಡಾಡುತ್ತಿದ್ದುದು ಹೆಚ್ಚಾಗಿ ಬಲವಾದ ಜ್ಞಾನಾಧಾರವಿದ್ದ ಕೆಲವೇ ಉದ್ಯಮಗಳ ನಡುವೆ. ಉಳಿದವು ಅದೇ ಕಣಿವೆಯಲ್ಲಿದ್ದೂ ಅಂಚಿನಲ್ಲಿದ್ದವು. ಕೆಲವು ಪೂರ್ತಿ ಒಂಟಿಯಾಗಿದ್ದವು. ಸಲಹೆಯೂ ಕೊಡುಕೊಳ್ಳುವ ವ್ಯವಹಾರವೇ. ಮರಳಿ ಕೊಡಲು ಏನೂ ಇಲ್ಲದವರಿಗೆ ಯಾರೂ ಬಹುಕಾಲ ಕೊಡುತ್ತಿರಲಾರರು.

ಆದರೆ ಈ ಸಲಹೆಯ ಜಾಲದೊಳಗಿದ್ದುದರಿಂದಲೇ ಆ ಕೆಲವು ಉದ್ಯಮಗಳು ಬಲಗೊಂಡಿರಬಹುದಲ್ಲವೇ? ಒಂದೇ ಕಾಲಘಟ್ಟದ ಚಿತ್ರದಿಂದ ಇದನ್ನು ತೀರ್ಮಾನಿಸಲಾಗದು. ಜೂಲಿಯಾನಿಯವರ 2013ರ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಚಿಲಿಯ ವೈನ್ ಸಮೂಹವೊಂದರಲ್ಲಿ ಸಂಬಂಧಗಳು ಕಾಲಕ್ರಮದಲ್ಲಿ ಬದಲಾಗುವುದನ್ನು ಗಮನಿಸಿದ ಅವರು, ಉದ್ಯಮಗಳ ನಡುವಿನ ಮೇಲುಕೀಳಿನ ಶ್ರೇಣಿ ಸ್ಥಿರವಾಗಿಯೇ ಉಳಿದುದನ್ನು ಕಂಡರು. ಜಾಲವೇ ಸಾಮರ್ಥ್ಯ ಹುಟ್ಟಿಸುವಂತಿದ್ದರೆ ಸಂಬಂಧಗಳ ಬದಲಾವಣೆಯೊಂದಿಗೆ ಈ ಶ್ರೇಣಿಯೂ ಸಡಿಲಗೊಳ್ಳಬೇಕಿತ್ತು. ಇದರಿಂದ ನಾನು ತಲುಪುವ ನಿಲುವು ಇದು: ಜ್ಞಾನಜಾಲ ಒಳಗಿನ ಸಾಮರ್ಥ್ಯಕ್ಕೆ ಬದಲಿಯಲ್ಲ, ಇರುವುದನ್ನು ಅದು ಹೆಚ್ಚಿಸಬಲ್ಲದು, ಇಲ್ಲದುದನ್ನು ಹುಟ್ಟಿಸುವುದು ಅಪರೂಪ. ಈ ಮಾತು ಸದ್ಯಕ್ಕೆ ತಜ್ಞರ ನಡುವಿನ ಅನೌಪಚಾರಿಕ ಸಲಹೆಗಷ್ಟೇ, ಅದೂ ಇಂಥ ಸಮೂಹಗಳಿಗಷ್ಟೇ ಅನ್ವಯ. ಏಕೆಂದರೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಂಥ ಕಡೆ ಜಾಬ್ ವರ್ಕ್ ಮಾಡುವ ಸಣ್ಣ ವರ್ಕ್‌ಶಾಪಿಗೆ ದೊಡ್ಡ ಕಾರ್ಖಾನೆಯ ಡ್ರಾಯಿಂಗು, ಮಾಲಿನ ತಪಾಸಣೆ, ಕೆಲಸ ಬದಲಿಸಿ ಬಂದ ಟರ್ನರ್, ಫಿಟ್ಟರುಗಳ ಕೈಚಳಕ ಇವೂ ಪಾಠ ಕಲಿಸುತ್ತವೆ. ಈ ದಾರಿಗಳು ಸಲಹೆಯ ಜಾಲದಲ್ಲಿ ಕಾಣಿಸವು.

ನಿಲುವು ಭಾಗಶಃ ನಿಂತರೂ ಸಾಕು, ನೀತಿಯ ಆದ್ಯತೆ ಬದಲಾಗಬೇಕಾಗುತ್ತದೆ. ಹಲವು ಉದ್ಯಮಗಳು ಹಂಚಿಕೊಂಡು ಬಳಸುವ ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟುವುದರ ಜೊತೆಗೆ, ಅದನ್ನು ಬಳಸಿಕೊಳ್ಳಬಲ್ಲ ಒಬ್ಬ ತಂತ್ರಜ್ಞನಾದರೂ ಪ್ರತಿ ಸಣ್ಣ ಉದ್ಯಮದಲ್ಲಿ ಇರುವಂತೆ ನೋಡಿಕೊಳ್ಳಬೇಕು. ಜಾಲದೊಳಗೆ ಕಾಲಿಡಲು ಕನಿಷ್ಠ ಎಷ್ಟು ಸಾಮರ್ಥ್ಯ ಬೇಕು, ಕೆಲಸಗಾರರ ಓಡಾಟ ಸಾಮರ್ಥ್ಯದ ಕೊರತೆಯನ್ನು ಎಷ್ಟರಮಟ್ಟಿಗೆ ತುಂಬುತ್ತದೆ ಎಂಬ ಪ್ರಶ್ನೆಗಳನ್ನು ಈ ಲೇಖನ ಬಗೆಹರಿಸಿಲ್ಲ. ಅದಕ್ಕೆ ಒಂದೇ ಕೈಗಾರಿಕಾ ವಸಾಹತಿನ ಅವೇ ಉದ್ಯಮಗಳನ್ನು ಹಲವು ವರ್ಷ ಬೆನ್ನುಹತ್ತುವ ಅಧ್ಯಯನ ಬೇಕು.